ಮನೆಯ ನೀರು ರಸ್ತೆಯ ಪೈಪಿಗೆ ವಾಪಸ್ ಹೋದರೆ?

ಪ್ರಶ್ನೆ: ಸರ್, ನಮ್ಮ ಮನೆ ಮಂಡ್ಯದ ಅಂಚಿನಲ್ಲಿದೆ. ದಿನ ಬಿಟ್ಟು ದಿನ ಕಾವೇರಿ ನೀರು ಬರುತ್ತದೆ, ಬೋರ್‌ವೆಲ್ಲೂ ಇದೆ. ಎರಡನ್ನೂ ಒಂದೇ ಪೈಪಿಗೆ ಸೇರಿಸಿ ಮೇಲಿನ ಟ್ಯಾಂಕಿಗೆ ಕೊಟ್ಟಿದ್ದಾರೆ. ನಡುವೆ ಒಂದು ಗೇಟ್ ವಾಲ್ವ್ ಇದೆ. ಹಿತ್ತಲಲ್ಲಿ ಎರಡು ಹಸು ಕಟ್ಟಿದ್ದೇವೆ. ಹೋದ ವಾರ ಅಡುಗೆಮನೆ ನಲ್ಲಿಯಲ್ಲಿ ಹುಳಿ ವಾಸನೆಯ ನೀರು ಬಂತು, ಜೊತೆಗೆ ಬೂಸಾದ ಚೂರು. ಒಂದು ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಹಾಕಿದ್ರೆ ಸಾಕು ಅಂತಾರೆ ಪ್ಲಂಬರ್. ಸಾಕಾ?

ಉತ್ತರ: ಸಾಕಾಗುವುದಿಲ್ಲ. ಮೊದಲು ಆ ಬೂಸಾ ಬಂದ ದಾರಿ ಹುಡುಕೋಣ. ಕೊಟ್ಟಿಗೆಯ ನಲ್ಲಿಗೆ ಪೈಪು ಸಿಕ್ಕಿಸಿ, ಅದರ ತುದಿಯನ್ನು ಕಲಗಚ್ಚಿನ ಬಾನಿಯೊಳಗೇ ಬಿಟ್ಟು ಬೇರೆ ಕೆಲಸಕ್ಕೆ ಹೋಗುವುದು ನಮ್ಮ ಕಡೆ ಮಾಮೂಲು. ಅಷ್ಟರಲ್ಲಿ ರಸ್ತೆಯಲ್ಲಿ ನೀರು ನಿಲ್ಲುತ್ತದೆ. ಪೈಪಿನಲ್ಲಿ ಉಳಿದ ನೀರು ತಗ್ಗಿನ ಕಡೆಗೆ ಇಳಿಯುತ್ತದೆ. ಇಳಿಯುವಾಗ ತನ್ನ ಹಿಂದಿರುವುದನ್ನೆಲ್ಲ ಎಳೆದುಕೊಳ್ಳುತ್ತದೆ. ಡ್ರಮ್ಮಿನಿಂದ ಡೀಸೆಲ್ ತೆಗೆಯಲು ಪೈಪನ್ನು ಬಾಯಲ್ಲಿ ಎಳೆಯುತ್ತೀರಲ್ಲ, ಇದೂ ಹಾಗೇ. ಬಾನಿಯ ನೀರು ಸದ್ದಿಲ್ಲದೆ ಪೈಪು ಸೇರುತ್ತದೆ. ಮತ್ತೆ ನೀರು ಬಿಟ್ಟಾಗ ಅದೇ ನಿಮ್ಮ ಬಿಂದಿಗೆಗೆ ಬರುತ್ತದೆ. ಪಕ್ಕದ ಮನೆಯ ಬಿಂದಿಗೆಗೂ ಹೋಗಬಹುದು, ಅದೇ ನನಗೆ ಹೆಚ್ಚು ಸಂಕಟದ ವಿಷಯ.

ಇಂಥದ್ದೇ ಒಂದು ಮನೆಯಲ್ಲಿ ನಾನು ಬಾನಿಯ ಪಕ್ಕ ಕೂತು ನೋಡಿದ್ದೇನೆ. ನೀರು ನಿಂತ ಮೇಲೆ ಬಾನಿಯ ಅಂಚಿನಲ್ಲಿದ್ದ ಬೂಸಾದ ಗೆರೆ ಬೆರಳಗಲ ಕೆಳಗಿಳಿಯಿತು. ಹಸು ಇನ್ನೂ ಬಾಯಿ ಹಾಕಿರಲಿಲ್ಲ.

ನಿಮ್ಮಲ್ಲಿ ಎರಡನೆಯ ದಾರಿಯೂ ಇದೆ. ಬೋರ್‌ವೆಲ್ ಮೋಟರಿನ ಒತ್ತಡ ರಸ್ತೆಯ ಪೈಪಿನ ಒತ್ತಡಕ್ಕಿಂತ ಜಾಸ್ತಿ. ಗೇಟ್ ವಾಲ್ವ್ ಮುಚ್ಚುವುದನ್ನು ಒಂದು ದಿನ ಮರೆತರೆ, ಅಥವಾ ಅದರ ತಳದಲ್ಲಿ ಮರಳು ಕೂತು ಪೂರ್ತಿ ಮುಚ್ಚದಿದ್ದರೆ, ಬೋರ್ ನೀರು ನೇರ ಬೀದಿಗೆ ನುಗ್ಗುತ್ತದೆ. ಅನುಮಾನ ಇದ್ದರೆ, ನೀರಿನಲ್ಲಿ ಕರಗಿರುವ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ತನ್ನಿ. ಕಾವೇರಿ ನೀರು ಬರುತ್ತಿರುವಾಗ ಮನೆಯ ನೀರಿನ ಮೀಟರಿಗೆ ಹತ್ತಿರದ ನಲ್ಲಿಯಿಂದ ಒಂದು ಲೋಟ ಹಿಡಿದು ಅಳೆಯಿರಿ. ಆಮೇಲೆ ಬೋರ್ ಮೋಟರ್ ಹಾಕಿ, ಅದೇ ನಲ್ಲಿಯಿಂದ ಇನ್ನೊಂದು ಲೋಟ. ಬೋರ್ ನೀರು ಗಡಸಾಗಿದ್ದರೆ ಅಂಕಿ ತಟ್ಟನೆ ಏರುತ್ತದೆ. ಏರಿದರೆ ಎರಡು ನೀರೂ ಕೂಡಿಕೊಂಡಿವೆ ಅಂತಲೇ ಲೆಕ್ಕ.

ಈಗ ಎನ್‌ಆರ್‌ವಿ ವಿಚಾರ. ಅದು ಬೇಕು, ಆದರೆ ಅದನ್ನೇ ನಂಬಿ ಕೂರಬೇಡಿ. ಒಳಗಿರುವುದು ಒಂದು ಸಣ್ಣ ಬಾಗಿಲು, ಅಷ್ಟೆ. ಒಂದು ಕಾಳು ಮರಳು ಸಿಕ್ಕಿಕೊಂಡರೂ ಅರ್ಧ ತೆರೆದೇ ಇರುತ್ತದೆ. ಅದನ್ನು ಹಾಕಿಸುವಾಗ ಮೇನ್ ವಾಲ್ವಿಗೂ ಅದಕ್ಕೂ ನಡುವೆ ಒಂದು ಪುಟ್ಟ ನಲ್ಲಿ ಇಡಿಸಿ. ಆರು ತಿಂಗಳಿಗೊಮ್ಮೆ ಮೇನ್ ವಾಲ್ವ್ ಮುಚ್ಚಿ, ಬೋರ್ ಮೋಟರ್ ಹಾಕಿ, ಆ ನಲ್ಲಿ ಬಿಡಿ. ಪೈಪಿನಲ್ಲಿದ್ದ ನೀರು ಸುರಿದು ನಿಂತರೆ ಸರಿ. ಸಣ್ಣಗಾದರೂ ಬರುತ್ತಲೇ ಇದ್ದರೆ ಎನ್‌ಆರ್‌ವಿ ಕೆಟ್ಟಿದೆ.

ನಿಜವಾದ ಪರಿಹಾರ ಗಾಳಿ. ಕಾವೇರಿ ಪೈಪನ್ನು ಬೋರ್ ಪೈಪಿನಿಂದ ಪೂರ್ತಿ ಕತ್ತರಿಸಿ, ಬೇರೆ ಸಂಪಿಗೆ ಬಿಡಿ. ಪೈಪಿನ ಬಾಯಿ ಸಂಪಿನ ನೀರಿಗೆ ಮುಳುಗಬಾರದು, ಮೇಲಿಂದ ಬೀಳಬೇಕು. ಸದ್ದಾಗದಿರಲಿ ಎಂದು ಪೈಪನ್ನು ತಳದವರೆಗೆ ಇಳಿಸುತ್ತಾರೆ, ದಯವಿಟ್ಟು ಅದನ್ನು ಕತ್ತರಿಸಿಸಿ. ಸಂಪು ತುಂಬಿ ಹೊರಚೆಲ್ಲುವ ಮಟ್ಟಕ್ಕೂ ಪೈಪಿನ ಬಾಯಿಗೂ ನಡುವೆ ಪೈಪಿನ ಅಗಲದ ಎರಡರಷ್ಟು ಜಾಗ ಇರಲಿ, ಯಾವ ಕಾರಣಕ್ಕೂ 25 ಮಿಲಿಮೀಟರಿಗೆ ಕಡಿಮೆ ಬೇಡ. 20 ಮಿಲಿಮೀಟರ್ ಪೈಪಾದರೆ 40. ಇಲ್ಲಿ ಸವೆಯುವಂಥದ್ದು, ಸಿಕ್ಕಿಕೊಳ್ಳುವಂಥದ್ದು ಏನೂ ಇಲ್ಲ. ನೀರು ಗಾಳಿ ಹಾರಿ ವಾಪಸ್ ಹೋಗಲಾರದು. ಬಾನಿಗೂ ಇದೇ ನಿಯಮ: ಪೈಪನ್ನು ಗೋಡೆಯ ಮೊಳೆಗೆ ಕಟ್ಟಿ, ನೀರು ಮೇಲಿಂದ ಬೀಳಲಿ.

ಅಲ್ಲಿಯವರೆಗೆ ಕುಡಿಯುವ ನೀರನ್ನು ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿ. ಸಂಪು, ಟ್ಯಾಂಕು ಎರಡನ್ನೂ ತೊಳೆಸಿ ಬ್ಲೀಚಿಂಗ್ ಮಾಡಿಸಿ. ಆಮೇಲೆ ಪ್ರಯೋಗಾಲಯದ ಬಾಟಲಿಯಲ್ಲೇ ನೀರು ಹಿಡಿದು ಪರೀಕ್ಷೆಗೆ ಕೊಡಿ. ಕುಡಿಯುವ ನೀರಿಗೆ ಭಾರತದ ಮಾನದಂಡವಾದ ಐಎಸ್ 10500 ಪ್ರಕಾರ 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ, ಮಲದಿಂದ ಬರುವ ಇ-ಕೋಲಿ ಬ್ಯಾಕ್ಟೀರಿಯಾ ಒಂದೂ ಸಿಗಬಾರದು.

ಪ್ರಶ್ನೆ: ಮೈಸೂರಿನಲ್ಲಿ ನಮ್ಮದೊಂದು ಲಾಡ್ಜ್, ಕೆಳಗೆ ಹೋಟೆಲ್. ಲಾಂಡ್ರಿ ಮಷಿನ್ನು, ಬಾಯ್ಲರ್ ಎಲ್ಲ ಇದೆ. ಆರ್‌ಪಿಝಡ್ ವಾಲ್ವ್ (ನೀರು ವಾಪಸ್ ಹೋಗದಂತೆ ತಡೆಯುವ, ಎರಡು ಬಾಗಿಲಿನ ವಾಲ್ವ್) ಹಾಕಿಸಿ, ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸಿ ಅಂತ ಇಂಜಿನಿಯರ್ ಹೇಳುತ್ತಿದ್ದಾರೆ. ಸುಮ್ನೆ ಖರ್ಚಲ್ವಾ?

ಉತ್ತರ: ಅಲ್ಲ. 1933ರಲ್ಲಿ ಅಮೆರಿಕದ ಶಿಕಾಗೊದಲ್ಲಿ ವಿಶ್ವ ಮೇಳಕ್ಕೆ ಬಂದವರು ತಂಗಿದ್ದ ಹೋಟೆಲುಗಳ ಪೈಪುಗಳಲ್ಲಿ ಕೊಳಚೆ ನೀರು ಕುಡಿಯುವ ನೀರಿಗೆ ಸೇರಿಹೋಗಿತ್ತು. ಅಮೀಬಾ ಆಮಶಂಕೆ ಹರಡಿ 98 ಜನ ಸತ್ತರು. ನಿಮ್ಮಲ್ಲಿಯೂ ಬಾಯ್ಲರಿನ ರಾಸಾಯನಿಕ, ಲಾಂಡ್ರಿ ಸೋಪಿನ ನೀರು, ಅಡುಗೆಮನೆ ನೀರು ಎಲ್ಲ ಒಂದೇ ಗೋಡೆಯೊಳಗೆ ಓಡಾಡುತ್ತಿವೆ.

ಆರ್‌ಪಿಝಡ್‌ನಲ್ಲಿ ಎರಡು ಬಾಗಿಲು, ನಡುವೆ ಒಂದು ಕೋಣೆ. ಆ ಕೋಣೆಯ ಒತ್ತಡ ಯಾವಾಗಲೂ ಒಳಬರುವ ನೀರಿಗಿಂತ ಕಡಿಮೆ ಇರುತ್ತದೆ. ಬಾಗಿಲು ಸೋರಿ ಆ ವ್ಯತ್ಯಾಸ 2 ಪಿಎಸ್‌ಐ (ಒತ್ತಡದ ಒಂದು ಅಳತೆ) ಹತ್ತಿರಕ್ಕೆ ಇಳಿದರೆ ಕೆಳಗಿನ ಕಿಂಡಿ ತೆರೆದು ನೀರನ್ನು ಹೊರಗೆ ಚೆಲ್ಲುತ್ತದೆ. ಹಾಗಾಗಿ ಇದನ್ನು ಗುಂಡಿಯಲ್ಲಿ ಹೂತಿಡಬೇಡಿ. ನೆಲದಿಂದ ಮೇಲೆ, ಚೆಲ್ಲಿದ ನೀರು ಹರಿದುಹೋಗುವ ಕಡೆ, ಕಣ್ಣಿಗೆ ಬೀಳುವ ಹಾಗೆ ಇರಲಿ. ವಾಲ್ವಿನ ಮೇಲೆ ನಾಲ್ಕು ಪುಟ್ಟ ನಲ್ಲಿಗಳಿರುತ್ತವೆ. ಗೇಜ್ ಸಿಕ್ಕಿಸಿ ಎರಡು ಬಾಗಿಲು, ಒಂದು ಕಿಂಡಿ ಮೂರನ್ನೂ ನೋಡುವುದು ಅಲ್ಲಿಂದಲೇ. ಸ್ಪ್ರಿಂಗು, ರಬ್ಬರು ಸವೆದದ್ದು ಹೊರಗಿನಿಂದ ಕಾಣುವುದಿಲ್ಲ. ವರ್ಷಕ್ಕೊಮ್ಮೆ ಮಾಡಿಸಲೇಬೇಕು. ಪರೀಕ್ಷೆಯ ತಾರೀಖು, ಗೇಜಿನ ಅಂಕಿ ಬರೆದ ಚೀಟಿಯನ್ನು ವಾಲ್ವಿಗೇ ಕಟ್ಟಿಸಿ.

ಪ್ರಶ್ನೆ: ಟಾಯ್ಲೆಟ್ಟಿನ ಜೆಟ್ ಸ್ಪ್ರೇಯಿಂದಲೂ ಹೀಗಾಗುತ್ತದಾ?

ಉತ್ತರ: ಆಗಬಹುದು. ಸ್ಪ್ರೇಯ ತಲೆ ಕಮೋಡಿನೊಳಗೆ ಅಥವಾ ಬಕೆಟ್ಟಿನ ನೀರಲ್ಲಿ ಮುಳುಗಿರಬಾರದು. ಕೊಕ್ಕೆಗೆ ನೇತು ಹಾಕಿ, ಬಳಸಿದ ಮೇಲೆ ಗೋಡೆಯ ವಾಲ್ವನ್ನೂ ಮುಚ್ಚಿ.