ಓದುಗರ ಪ್ರಶ್ನೆಗೆ ಉತ್ತರ: ಹವಳ ಹೆಚ್ಚಿದೆಯೋ, ಸಾಯುತ್ತಿದೆಯೋ?

ಪ್ರಶ್ನೆ: ಆಸ್ಟ್ರೇಲಿಯದ ಹವಳದ ದಿಬ್ಬಗಳ ಸಾಲಾದ ಗ್ರೇಟ್ ಬ್ಯಾರಿಯರ್ ರೀಫ್ ಸಾಯುತ್ತಿದೆ ಎಂದು ವರ್ಷಗಳಿಂದ ಓದುತ್ತಿದ್ದೇವೆ. ಆದರೆ 2022ರಲ್ಲಿ ಅಲ್ಲಿ ದಾಖಲೆ ಪ್ರಮಾಣದ ಹವಳವಿದೆ ಎಂಬ ವರದಿ ಬಂತು. ಹಾಗಾದರೆ ಇಷ್ಟು ದಿನ ಹೆದರಿಸಿದ್ದು ಸುಳ್ಳೇ? (ಮೈಸೂರಿನ ಓದುಗರು)

ಉತ್ತರ: ವರದಿ ನಿಜ. ಆಸ್ಟ್ರೇಲಿಯದ ಸಾಗರ ವಿಜ್ಞಾನ ಸಂಸ್ಥೆ ಆ ವರ್ಷ ಉತ್ತರ ಭಾಗದಲ್ಲಿ ಶೇ 36, ಮಧ್ಯ ಭಾಗದಲ್ಲಿ ಶೇ 33 ಜೀವಂತ ಹವಳ ಕಂಡಿತು. 36 ವರ್ಷಗಳ ಸಮೀಕ್ಷೆಯಲ್ಲಿ ಆ ಎರಡು ಭಾಗಗಳಿಗೆ ಅದೇ ಅತಿ ಹೆಚ್ಚು. ಎಡವಟ್ಟಾಗಿದ್ದು ಆ ಅಂಕಿಯನ್ನು ಅರ್ಥಮಾಡಿಕೊಂಡ ರೀತಿಯಲ್ಲಿ.

ಆ ಅಂಕಿ ಹುಟ್ಟುವುದು ಹೀಗೆ. ಸಣ್ಣ ದೋಣಿಯ ಹಿಂದೆ 17 ಮೀಟರ್ ಹಗ್ಗ, ಹಗ್ಗದ ತುದಿಗೊಂದು ಹಲಗೆ, ಹಲಗೆ ಹಿಡಿದು ನೀರಿನಲ್ಲಿ ಮುಖ ತಗ್ಗಿಸಿದ ಒಬ್ಬ ಈಜುಗಾರ. ದೋಣಿ ದಿಬ್ಬದ ಅಂಚಿನಗುಂಟ ನಡಿಗೆಯ ವೇಗದಲ್ಲಿ ಎರಡು ನಿಮಿಷ ಸಾಗಿ ನಿಲ್ಲುತ್ತದೆ. ಕೆಳಗೆ ಕಂಡ ನೆಲದಲ್ಲಿ ಜೀವಂತ ಹವಳ ಎಷ್ಟು ಪಾಲು, ಸತ್ತದ್ದು ಎಷ್ಟು, ಹವಳ ತಿನ್ನುವ ಮುಳ್ಳುಕಿರೀಟ ನಕ್ಷತ್ರಮೀನು ಎಷ್ಟು ಎಂದು ಆತ ಬರೆದುಕೊಳ್ಳುತ್ತಾನೆ. ಮತ್ತೆ ಎರಡು ನಿಮಿಷ. ಹೀಗೆ ದಿಬ್ಬವನ್ನು ಪೂರ್ತಿ ಸುತ್ತುತ್ತಾರೆ. ನಂಬಬಹುದಾದ ವಿಧಾನವೇ. ಆದರೆ ಅದು ಅಳೆಯುವುದು ಹವಳ ಹರಡಿದ ಜಾಗವನ್ನು. ಆ ಹವಳ ಯಾವ ಜಾತಿಯದು, ಎಷ್ಟು ವಯಸ್ಸಿನದು ಎಂಬುದು ಶೇ 36ರೊಳಗೆ ಕಾಣುವುದಿಲ್ಲ.

2022ರಲ್ಲಿ ಆ ಜಾಗ ತುಂಬಿದ್ದು ಹೆಚ್ಚಾಗಿ ಅಕ್ರೊಪೊರಾ: ಕೊಂಬೆಯಂತೆ, ಮೇಜಿನಂತೆ ಹರಡುವ ಹವಳ. ಅದರ ಕೊಂಬೆ ವರ್ಷಕ್ಕೆ ಹತ್ತು ಸೆಂಟಿಮೀಟರಿನಷ್ಟು ಬೆಳೆಯಬಲ್ಲದು. ಗುಡ್ಡೆಯಾಕಾರದ ಪೊರೈಟಿಸ್ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಬೇಗ ಬೆಳೆಯುವ ಅಕ್ರೊಪೊರಾವೇ ಬಿಸಿಗೆ ಮೊದಲು ಬಿಳಿಚುತ್ತದೆ, ಚಂಡಮಾರುತಕ್ಕೆ ಮೊದಲು ಮುರಿಯುತ್ತದೆ, ನಕ್ಷತ್ರಮೀನಿಗೂ ಅದೇ ಅಚ್ಚುಮೆಚ್ಚು. ಮಲೆನಾಡಿನ ಅಕೇಶಿಯಾ ನೆಡುತೋಪು ಉಪಗ್ರಹದ ಚಿತ್ರದಲ್ಲಿ ಹಳೆಯ ಕಾಡಿನಷ್ಟೇ ಹಸಿರಾಗಿ ಕಾಣುತ್ತದಲ್ಲ, ಹಾಗೆ. (ಹೋಲಿಕೆ ಪೂರ್ತಿ ಸರಿಯಲ್ಲ. ಅಕ್ರೊಪೊರಾ ಹೊರಗಿನಿಂದ ತಂದು ನೆಟ್ಟದ್ದಲ್ಲ, ಅಲ್ಲಿಯದೇ.)

2024ರ ಬೇಸಿಗೆಯಲ್ಲಿ ಮತ್ತೆ ಬಿಸಿ ಹೊಡೆಯಿತು. ಅದೇ ಸಂಸ್ಥೆಯ 2025ರ ವರದಿ ನೋಡಿ: ಉತ್ತರದಲ್ಲಿ ಶೇ 39.8 ಇದ್ದದ್ದು 30ಕ್ಕೆ, ದಕ್ಷಿಣದಲ್ಲಿ ಶೇ 38.9 ಇದ್ದದ್ದು 26.9ಕ್ಕೆ ಇಳಿದಿತ್ತು. ಎರಡೂ ಕಡೆ ಒಂದೇ ವರ್ಷದಲ್ಲಿ ಇಷ್ಟು ಕುಸಿತ ಹಿಂದೆ ದಾಖಲಾಗಿರಲಿಲ್ಲ. ಚಂಡಮಾರುತ, ನಕ್ಷತ್ರಮೀನುಗಳ ಪಾಲೂ ಇತ್ತು, ಮುಖ್ಯ ಪೆಟ್ಟು ಬಿಸಿಯದು. ಒಂದು ವರ್ಷದ ಅಂಕಿಗಿಂತ ಬಿಳಿಚಿದ ವರ್ಷಗಳ ನಡುವಿನ ಅಂತರ ಹೆಚ್ಚು ಹೇಳುತ್ತದೆ: 1998, 2002, 2016, 2017, 2020, 2022, 2024, 2025. ಬೇಗ ಬೆಳೆಯುವ ಹವಳಕ್ಕೂ ಚೇತರಿಸಿಕೊಳ್ಳಲು ಹತ್ತು ವರ್ಷದಷ್ಟು ಬಿಡುವು ಬೇಕು. ಈಗ ಸಿಗುತ್ತಿರುವುದು ಒಂದೆರಡೇ ವರ್ಷ.

ಪ್ರಶ್ನೆ: ಬಿಸಿಯೇ ಕಾರಣವಾದರೆ ಮೀನುಗಾರಿಕೆ, ಕೊಳಚೆ ನೀರು ಅಂತ ಸ್ಥಳೀಯರನ್ನು ಕಟ್ಟಿಹಾಕಿ ಏನು ಪ್ರಯೋಜನ? (ಮಂಗಳೂರಿನ ಓದುಗರು)

ಉತ್ತರ: ಪ್ರಯೋಜನವಿದೆ, ಆದರೆ ಬೇರೆ ಹಂತದಲ್ಲಿ. ಹವಳದ ಅಂಗಾಂಶದೊಳಗೆ ಸೂಕ್ಷ್ಮ ಪಾಚಿಗಳಿರುತ್ತವೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇ 90ರವರೆಗೂ ಅವೇ ಒದಗಿಸಬಲ್ಲವು. ಒಂದು ಕಡೆ ವರ್ಷದ ಅತಿ ಬಿಸಿ ತಿಂಗಳ ಸರಾಸರಿ 29 ಡಿಗ್ರಿ ಎಂದಿಟ್ಟುಕೊಳ್ಳಿ. ನೀರು 30 ಡಿಗ್ರಿಯಲ್ಲಿ ನಾಲ್ಕು ವಾರ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚತೊಡಗುತ್ತದೆ. ಎಂಟು ವಾರ ನಿಂತರೆ, ಅಥವಾ 31 ಡಿಗ್ರಿಯಲ್ಲಿ ನಾಲ್ಕೇ ವಾರ ನಿಂತರೆ, ಸಾವು ಶುರುವಾಗುತ್ತದೆ. ಇದನ್ನು ಮೀನುಗಾರರು ತಡೆಯಲಾರರು. ಇಂಗಾಲದ ಹೊಗೆ ತಗ್ಗಿಸದೆ ಇದಕ್ಕೆ ಮದ್ದಿಲ್ಲ.

ಸತ್ತ ಮೇಲೆ ಏನಾಗುತ್ತದೆ ಎಂಬುದು ಸ್ಥಳೀಯರ ಕೈಯಲ್ಲಿದೆ. ಹವಳದ ಮರಿ ಅಂಟಿ ಕೂರಲು ಗಟ್ಟಿಯಾದ, ಚೊಕ್ಕ ಕಲ್ಲು ಬೇಕು. ಕೊಳಚೆ, ಗೊಬ್ಬರದ ನೀರು ಬಂದಲ್ಲಿ ಕಲ್ಲನ್ನು ಬೇರೆ ಬಗೆಯ ಪಾಚಿ ಮುಚ್ಚುತ್ತದೆ. ಅದನ್ನು ಕೆರೆದು ತಿನ್ನುವ ಗಿಳಿಮೀನುಗಳನ್ನು ಹಿಡಿದು ಖಾಲಿ ಮಾಡಿದರೆ ಮರಿಗೆ ಜಾಗವೇ ಇಲ್ಲ. ನಮಗೆ ಹತ್ತಿರದ ಲಕ್ಷದ್ವೀಪದಲ್ಲಿ 1998, 2010, 2016ರ ಬಿಸಿಯ ಹೊಡೆತಗಳಾದ ಮೇಲೆ, ಅಧ್ಯಯನ ನಡೆದ ದಿಬ್ಬಗಳಲ್ಲಿ ಹವಳದ ಪಾಲು ಸುಮಾರು ಶೇ 37ರಿಂದ 2022ರ ಹೊತ್ತಿಗೆ 19ರ ಆಸುಪಾಸಿಗೆ ಬಂದಿದೆ. ಅಲ್ಲಿನವರು ತಲೆಮಾರುಗಳಿಂದ ಗಾಳದ ಕೋಲಿನಲ್ಲಿ ಟ್ಯೂನಾ ಹಿಡಿಯುತ್ತ ಬಂದದ್ದರಿಂದ ದಿಬ್ಬದ ಮೀನು ಉಳಿಯಿತು. ಆ ಪದ್ಧತಿಗೆ ಬೆಂಬಲ ಕೊಡುವುದೇ ಹವಳಕ್ಕೆ ಮಾಡುವ ದೊಡ್ಡ ಸಹಾಯ.

ಪ್ರಶ್ನೆ: ಸನ್‌ಸ್ಕ್ರೀನ್‌ನಿಂದ ಹವಳ ಸಾಯುತ್ತದೆಯೇ? (ಬೆಂಗಳೂರಿನ ಓದುಗರು)

ಉತ್ತರ: ಆಕ್ಸಿಬೆಂಝೋನ್, ಆಕ್ಟಿನಾಕ್ಸೇಟ್ ಎಂಬ ಎರಡು ರಾಸಾಯನಿಕಗಳಿದ್ದ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ 2021ರಿಂದ ನಿಷೇಧಿಸಿದೆ. ಪ್ರಯೋಗಾಲಯದಲ್ಲಿ ಇವು ಹವಳದ ಮರಿಗಳಿಗೆ ಹಾನಿ ಮಾಡುತ್ತವೆ. ತೆರೆದ ಸಮುದ್ರದಲ್ಲಿ ಇವುಗಳ ಸಾಂದ್ರತೆ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ. 2016ರಲ್ಲಿ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅತಿ ಹೆಚ್ಚು ಸತ್ತದ್ದು ಪ್ರವಾಸಿಗರು ಅಪರೂಪಕ್ಕೆ ಕಾಲಿಡುವ ಉತ್ತರದ ತುದಿಯಲ್ಲಿ. ಹಾಗಾಗಿ ಇದನ್ನು ಮೊದಲ ಆರೋಪಿ ಮಾಡಬೇಡಿ. ತುಂಬುತೋಳಿನ ಈಜುಡುಗೆ ತೊಟ್ಟರೆ ಕ್ರೀಮು ಮುಖ, ಕತ್ತು, ಕೈಗಳಿಗಷ್ಟೇ ಸಾಕು. ಅದಕ್ಕೆ ಝಿಂಕ್ ಆಕ್ಸೈಡ್ ಇರುವುದನ್ನು ಆರಿಸಿ. ‘ರೀಫ್ ಸೇಫ್’ ಎಂಬ ಮುದ್ರೆ ನಂಬದೆ ಹಿಂಬದಿಯ ಪಟ್ಟಿ ಓದಿ.

ಪ್ರಶ್ನೆ: ನೇತ್ರಾಣಿಯಲ್ಲಿ ಮೊದಲ ಸಲ ಸ್ಕೂಬಾ ಮಾಡಲಿದ್ದೇವೆ. ಹವಳಕ್ಕೆ ತೊಂದರೆಯಾಗದಂತೆ ಏನು ಗಮನಿಸಬೇಕು? (ಹುಬ್ಬಳ್ಳಿಯ ಓದುಗರು)

ಉತ್ತರ: ಮುರುಡೇಶ್ವರದಲ್ಲಿ ಬೋಟ್ ಹತ್ತುವ ಮೊದಲೇ ಒಂದು ಮಾತು ಕೇಳಿ: ಬೋಟನ್ನು ತೇಲುಬುರುಡೆಗೆ ಕಟ್ಟುತ್ತೀರೋ, ಲಂಗರು ಹಾಕುತ್ತೀರೋ? ಹವಳದ ಮೇಲೆ ಬಿದ್ದ ಲಂಗರಿನ ಸರಪಳಿ ಬೋಟ್ ತೂಗಿದ ಹಾಗೆಲ್ಲ ಸುತ್ತಲಿನ ಹವಳವನ್ನು ಉಜ್ಜಿ ಪುಡಿ ಮಾಡುತ್ತದೆ. ಹತ್ತು ಜನ ಮುಳುಗುಗಾರರು ಮಾಡದ ಹಾನಿಯನ್ನು ಅದೊಂದೇ ಮಾಡಬಲ್ಲದು.

ನೀರಿನೊಳಗೆ ಹೊಸಬರಿಂದ ಆಗುವ ತಪ್ಪಿಗೆ ಸಾಮಾನ್ಯ ಕಾರಣ ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸದ ತೂಕ ಹೆಚ್ಚಾಗಿರುವುದು. ಕಾಲು ಕೆಳಗೆ ಜಗ್ಗುತ್ತದೆ, ಗಾಬರಿಯಲ್ಲಿ ಫಿನ್ಸ್ ಬಡಿಯುತ್ತೀರಿ, ಕೊಂಬೆ ಮುರಿಯುತ್ತದೆ, ಇಲ್ಲವೇ ಮರಳೆದ್ದು ಹವಳದ ಮೇಲೆ ಕೂರುತ್ತದೆ. ಆ ಮರಳನ್ನು ಲೋಳೆ ಸುರಿಸಿ ತೊಳೆದುಕೊಳ್ಳಲು ಹವಳ ತನ್ನ ಆಹಾರದ ಶಕ್ತಿಯನ್ನೇ ಖರ್ಚು ಮಾಡಬೇಕು. ತೂಕವನ್ನು ಆಳಕ್ಕಿಳಿಯುವ ಮೊದಲೇ ಸರಿ ಮಾಡಿಸಿಕೊಳ್ಳಿ. ಮೈ ಅಡ್ಡವಾಗಿರಲಿ, ತಳದಿಂದ ಒಂದೂವರೆ ಮೀಟರ್ ಮೇಲಿರಿ, ಸಿಲಿಂಡರಿನ ಗಾಳಿ ಎಷ್ಟಿದೆ ಎಂದು ತೋರಿಸುವ, ನೇತಾಡುವ ಮಾಪಕದ ಕೊಳವೆಯನ್ನು ಎದೆಗೆ ಸಿಕ್ಕಿಸಿ. ಕೈಗವಸು ಬೇಡ, ಅದಿದ್ದರೆ ಏನನ್ನಾದರೂ ಹಿಡಿಯುವ ಮನಸ್ಸಾಗುತ್ತದೆ. ಫೋಟೊಗಾಗಿ ಕಲ್ಲಿನ ಮೇಲೆ ಮಂಡಿಯೂರಬೇಡಿ. ನಿಮಗೆ ಕಲ್ಲಾಗಿ ಕಂಡದ್ದು ಜೀವಂತ ಗುಡ್ಡೆ ಹವಳವಾಗಿರಬಹುದು.

ಪ್ರಶ್ನೆ: ಅಂಡಮಾನಿನ ದಡದಲ್ಲಿ ಬಿದ್ದಿರುವ ಸತ್ತ ಹವಳದ ತುಂಡು ತರಬಹುದೇ? (ದಾವಣಗೆರೆಯ ಓದುಗರು)

ಉತ್ತರ: ತರಬಾರದು. ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಅಂದರೆ ಹುಲಿಗಿರುವಷ್ಟೇ ರಕ್ಷಣೆ. ಸತ್ತ ತುಂಡಿಗೂ ಇದು ಅನ್ವಯ. ಶಿಕ್ಷೆ ಮೂರರಿಂದ ಏಳು ವರ್ಷ ಜೈಲು, ಜೊತೆಗೆ ದಂಡ. ಉಂಗುರಕ್ಕೆ ಕೂರಿಸುವ ಕೆಂಪು ಹವಳ ಬೇರೆ ಜಾತಿ, ದಿಬ್ಬ ಕಟ್ಟುವುದಲ್ಲ. ಅದರ ಹೆಸರು ಹೇಳಿ ತಪ್ಪಿಸಿಕೊಳ್ಳಲಾಗದು. ಈಗಾಗಲೇ ಚೀಲಕ್ಕೆ ಹಾಕಿಕೊಂಡಿದ್ದರೆ ವಿಮಾನ ನಿಲ್ದಾಣಕ್ಕೆ ಹೊರಡುವ ಮುನ್ನ ಎತ್ತಿಕೊಂಡ ದಡದಲ್ಲೇ ಇಟ್ಟುಬನ್ನಿ.