ಓಸ್ಲೋದಿಂದ ಬರ್ಗೆನ್‌ಗೆ ಹೋಗುವಾಗ ಫ್ಲೋಮ್‌ನಲ್ಲಿ ಒಂದು ರಾತ್ರಿ ಉಳಿಯಬೇಕಾ?

ನಾರ್ವೆಯ ಫ್ಲೋಮ್‌ನಲ್ಲಿ ರೈಲು, ಬೋಟು ಎರಡನ್ನೂ ಮುಗಿಸಿ ಅದೇ ದಿನ ಬರ್ಗೆನ್ ಸೇರಬಹುದಾ ಅಂತ ಕೇಳಿದ್ದೀರಿ. ಸೇರಬಹುದು, ತುಂಬ ಜನ ಹಾಗೇ ಮಾಡುತ್ತಾರೆ. ನನ್ನ ಮಾತು ಕೇಳುವುದಾದರೆ ಒಂದು ರಾತ್ರಿ ಉಳಿಯಿರಿ.

ಫ್ಲೋಮ್ ಕೆಲವೇ ನೂರು ಜನರ ಊರು. ಬೇಸಿಗೆಯಲ್ಲಿ ಒಂದು ಕ್ರೂಸ್ ಹಡಗು ಬಂದರೆ ಸಾವಿರಾರು ಜನ ಒಟ್ಟಿಗೆ ಇಳಿಯುತ್ತಾರೆ. ರೈಲು ನಿಲ್ದಾಣ, ಹಡಗುಕಟ್ಟೆ, ಅಂಗಡಿಗಳು ಎಲ್ಲಾ ಪಕ್ಕಪಕ್ಕದಲ್ಲೇ. ಮಧ್ಯಾಹ್ನ ಅಲ್ಲಿ ಬರೀ ಸ್ವೆಟರ್ ಅಂಗಡಿ ಮತ್ತು ಕ್ಯೂ ನೋಡಿ ಬಂದವರು 'ಏನಿದೆ ಅಲ್ಲಿ' ಅನ್ನುತ್ತಾರೆ. ಹಳೆಯ ಊರು ಇರುವುದು ಕಣಿವೆಯ ಒಳಗೆ, ಮೇಲುಗಡೆ. 1670ರ ಮರದ ಚರ್ಚು, ಹೊಲ, ಹೊಳೆ. ಸಂಜೆ ಹಡಗು ಹೊರಟ ಮೇಲೆ ಆ ಕಡೆ ನಡೆದು ಹೋಗಿ. ಬೇಸಿಗೆಯಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ.

ಇನ್ನು ರೈಲು. ಮಿರ್ಡಾಲ್‌ನಲ್ಲಿ ಓಸ್ಲೋ-ಬರ್ಗೆನ್ ರೈಲಿನಿಂದ ಇಳಿದು ಫ್ಲೋಮ್‌ಗೆ ಇಳಿಯುವ ಈ ಬೆಟ್ಟದ ರೈಲನ್ನು ಹತ್ತಬೇಕು. ಸುಮಾರು 20 ಕಿ.ಮೀ., ಒಂದು ಗಂಟೆ. ಅಷ್ಟರಲ್ಲಿ 860 ಮೀಟರ್‌ಗೂ ಜಾಸ್ತಿ ಎತ್ತರದಿಂದ ಸಮುದ್ರಮಟ್ಟಕ್ಕೆ ಇಳಿಯುತ್ತದೆ, ಅದೂ ಇಳಿಜಾರಿನಲ್ಲಿ ರೈಲು ಜಾರದಂತೆ ಹಿಡಿಯುವ ಹಲ್ಲಿನ ಹಳಿ ಇಲ್ಲದೆ. 20 ಸುರಂಗಗಳಲ್ಲಿ 18 ಕೈಯಿಂದಲೇ ಕೊರೆದವು. ಶೋಸ್‌ಫೊಸೆನ್ ಜಲಪಾತದ ಹತ್ತಿರ ಐದು ನಿಮಿಷ ನಿಲ್ಲಿಸುತ್ತಾರೆ. ಬೇಸಿಗೆಯಲ್ಲಿ ಬಂಡೆ ಮೇಲೆ ಕೆಂಪು ಬಟ್ಟೆಯ ಹುಡುಗಿ ಹಾಡಿಗೆ ಕುಣಿಯುತ್ತಾಳೆ, ಅವರ ಜನಪದ ಕಥೆಯ ಮೋಹಿನಿಯಂತೆ. ನನಗದು ಸ್ವಲ್ಪ ಅತಿ ಅನಿಸಿತು. ಮಕ್ಕಳಿಗೆ ಖುಷಿಯಾಗುತ್ತದೆ ಬಿಡಿ.

'ಎಲ್ಲಾ ಟೂರಿಸ್ಟ್ ಮಯ' ಅಂತ ಗೊಣಗುವವರಿಗೆ ಒಂದು ಮಾತು. 1940ರಲ್ಲಿ ಶುರುವಾದ ಈ ಹಳಿ ಹಾಕಿದ್ದು ಫ್ಯೋರ್ಡ್ (ಕಡಿದಾದ ಬೆಟ್ಟಗಳ ನಡುವೆ ಒಳಗೆ ಚಾಚಿದ ಕಿರಿದಾದ ಸಮುದ್ರ) ಕಡೆಯ ಊರುಗಳನ್ನು ಬರ್ಗೆನ್ ಮಾರ್ಗಕ್ಕೆ ಜೋಡಿಸಲು. 1990ರ ದಶಕದಲ್ಲಿ ನಷ್ಟವಾಗಿ ಮುಚ್ಚುವ ಮಾತೇ ಬಂದಿತ್ತು. ಉಳಿಸಿದ್ದು ಪ್ರವಾಸಿಗರೇ, ಅಲ್ವಾ?

ಮರುದಿನ ಬೆಳಿಗ್ಗೆಯ ಮೊದಲ ಬೋಟಿನಲ್ಲಿ ಗುಡ್ವಾಂಗೆನ್‌ಗೆ ಹೋಗಿ, ಸುಮಾರು ಎರಡು ಗಂಟೆ. 2005ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ನ್ಯಾರೊಯ್‌ಫ್ಯೋರ್ಡ್ ಈ ದಾರಿಯಲ್ಲೇ ಸಿಗುತ್ತದೆ. ಬ್ಯಾಟರಿ ಬೋಟಾದ್ದರಿಂದ ಸದ್ದು ಕಡಿಮೆ. ಅಲ್ಲಿಂದ ವೊಸ್‌ಗೆ ಬಸ್, ವೊಸ್‌ನಿಂದ ಬರ್ಗೆನ್‌ಗೆ ರೈಲು.

ಸಸ್ಯಾಹಾರಿಗಳಾದರೆ ಅಡುಗೆಮನೆ ಇರುವ ರೂಮ್ ಹುಡುಕಿ, ಒಂದು ಡಬ್ಬಿ ಪುಳಿಯೋಗರೆ ಗೊಜ್ಜು ಇಟ್ಟುಕೊಳ್ಳಿ. ಹೋಟೆಲ್ ಊಟದ ಬೆಲೆ ನೋಡಿದರೆ ಹಸಿವೇ ಹೋಗುತ್ತದೆ. ಜುಲೈ ಆದರೆ ರೂಮ್, ರೈಲು ಎರಡನ್ನೂ ಈಗಲೇ ಬುಕ್ ಮಾಡಿ.