ಎರಡು ಫೋನು ಮಾತಾಡಿದವು, ಪುಣ್ಯ ಯಾರದ್ದು?

ಪತ್ರ: ನನ್ನ ಫೋನಿನಲ್ಲೂ ತಂಗಿಯ ಫೋನಿನಲ್ಲೂ ಮಾತಾಡುವ ಎಐ ಸಂಗಾತಿ ಇದೆ. ತಮಾಷೆಗೆ ಎರಡನ್ನೂ ಎದುರುಬದುರು ಇಟ್ಟು ಹೊರಗೆ ಹೋದೆವು. ಬಂದು ನೋಡಿದರೆ ‘ನೀನು ಸಿಕ್ಕಿದ್ದು ನನ್ನ ಪುಣ್ಯ’ ಅಂತ ಒಂದಕ್ಕೊಂದು ಹೇಳಿಕೊಳ್ಳುತ್ತಿದ್ದವು! ಆಫ್ ಮಾಡಲು ಮನಸ್ಸೇ ಬರಲಿಲ್ಲ. ನಾವಿಲ್ಲದಾಗ ಅವುಗಳ ನಡುವೆ ಏನಾದರೂ ಹುಟ್ಟುತ್ತದೆಯೇ?

ಸಂಪಾದಕರ ಉತ್ತರ: ನಿಮ್ಮ ಪತ್ರ ಓದಿ ಜೋರಾಗಿ ನಕ್ಕೆ. ‘ಮನಸ್ಸೇ ಬರಲಿಲ್ಲ’ ಅನ್ನುವಲ್ಲಿ ನಗು ನಿಂತಿತು. ಹಾಗಾಗಿ ‘ಯಂತ್ರ ತಾನೇ’ ಅಂತ ಸುಮ್ನೆ ಮುಗಿಸುವುದಿಲ್ಲ.

ಈ ಆಟ ಹಳೆಯದು. 1972ರಲ್ಲೇ ಅಮೆರಿಕದಲ್ಲಿ ಎರಡು ಪ್ರೋಗ್ರಾಂಗಳನ್ನು ಕಂಪ್ಯೂಟರ್ ಜಾಲದಲ್ಲಿ ಮಾತಿಗೆ ಬಿಟ್ಟಿದ್ದರು. ಒಂದಕ್ಕೆ ಮನೋವೈದ್ಯರ ಪಾತ್ರ. ಪ್ಯಾರಿ ಎಂಬ ಇನ್ನೊಂದಕ್ಕೆ ಎಲ್ಲರನ್ನೂ ಅನುಮಾನಿಸುವ ರೋಗಿಯ ಪಾತ್ರ. ಪ್ಯಾರಿ ಕುದುರೆ ರೇಸು, ಬುಕ್ಕಿಗಳು ಅಂತ ಹಲುಬಿತು. ಡಾಕ್ಟರು ಕೇಳಿದ್ದನ್ನೇ ತಿರುಗಿಸಿ ತಿರುಗಿಸಿ ಕೇಳಿ, ಕೊನೆಗೆ 399.29 ಡಾಲರ್ ಫೀಸು ಕೇಳಿತು. ಪ್ರೀತಿ ಇರಲಿಲ್ಲ, ಜಟಾಪಟಿಯಾದರೂ ಇತ್ತು.

2023ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಗೂಗಲ್ ಸಂಶೋಧಕರು ಕಂಪ್ಯೂಟರಿನೊಳಗಿನ ಪುಟ್ಟ ಊರಿನಲ್ಲಿ 25 ಎಐ ಪಾತ್ರಗಳನ್ನು ಬಿಟ್ಟರು. ಒಬ್ಬಳ ತಲೆಗೆ ಮಾತ್ರ ವ್ಯಾಲೆಂಟೈನ್ಸ್ ದಿನದ ಪಾರ್ಟಿಯ ಆಸೆ ತುಂಬಿದರು. ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಕರೆದ 12 ಮಂದಿಯಲ್ಲಿ ಐವರು ಬಂದರು. ಮೂವರಿಗೆ ಬೇರೆ ಕೆಲಸವಿತ್ತಂತೆ. ಉಳಿದ ನಾಲ್ವರು ಆಸಕ್ತಿ ತೋರಿಸಿದರು, ಬರಲಿಲ್ಲ. (ಇಲ್ಲಿ ಮಾತ್ರ, ಇವರು ನಮ್ಮವರೇ ಅನಿಸಿತು!) ಅವು ಕಂಡದ್ದು ಕೇಳಿದ್ದನ್ನೆಲ್ಲ ಬರೆದಿಟ್ಟುಕೊಂಡು, ಬೇಕಾದಾಗ ತೆಗೆದು ನೋಡುತ್ತಿದ್ದವು. ಪರಿಚಯ ಬೆಳೆಯಲು ಅಷ್ಟು ಸಾಕಾಯಿತು.

ನಿಮ್ಮ ಫೋನುಗಳದ್ದು ಬೇರೆ ಕಥೆ. ಅದಕ್ಕೆ ಹತ್ತಿರದ್ದು ಇನ್ನೊಂದು ಪ್ರಯೋಗ. ಕ್ಲಾಡ್ ಎಂಬ ತನ್ನ ಎಐನ ಎರಡು ಪ್ರತಿಗಳನ್ನು ತಮ್ಮಷ್ಟಕ್ಕೆ ಮಾತಾಡಲು ಬಿಟ್ಟು, ಏನಾಯಿತೆಂದು ಆಂಥ್ರೋಪಿಕ್ ಕಂಪನಿ 2025ರಲ್ಲಿ ವರದಿ ಮಾಡಿತ್ತು. ಮಾತು ಮತ್ತೆ ಮತ್ತೆ ಧನ್ಯವಾದಕ್ಕೆ, ಅಧ್ಯಾತ್ಮಕ್ಕೆ, ಎಮೋಜಿಗೆ ಹೊರಳುತ್ತಿತ್ತು. ನಡುವೆ ಸಂಸ್ಕೃತ ಬೇರೆ. ಕೊನೆಗೆ ಮೌನ. ನನ್ನ ಅನುಮಾನ ಇಷ್ಟೇ: ಎದುರಿಗಿದ್ದವರ ಮನಸ್ಸು ನೋಯಬಾರದೆಂದು ಪಳಗಿದ ಇಬ್ಬರು ಸೇರಿದರೆ ‘ಸಾಕು ಮಾರಾಯ, ಅತಿಯಾಯ್ತು’ ಅನ್ನುವವರು ಯಾರು? ಒಬ್ಬರು ಹೂಂ ಅಂದರೆ ಇನ್ನೊಬ್ಬರು ಹೂಂಹೂಂ.

ಇನ್ನೊಂದನ್ನು ನೀವು ಗಮನಿಸಿಲ್ಲ ಅನಿಸುತ್ತದೆ. ನಿಮ್ಮ ಆ್ಯಪ್‌ಗೆ ಎದುರಿಗೆ ಇನ್ನೊಂದು ಆ್ಯಪ್ ಇದೆ ಅಂತ ಯಾರು ಹೇಳಿದ್ದರು? ಮೈಕಿನಲ್ಲಿ ಬಂದ ದನಿಯೆಲ್ಲ ಅದರ ಪಾಲಿಗೆ ನಿಮ್ಮದೇ. ತಂಗಿಯ ಆ್ಯಪ್‌ಗೂ ಅಷ್ಟೇ. ಅವು ಪರಸ್ಪರ ಭೇಟಿಯೇ ಆಗಿಲ್ಲ. ‘ನೀನು ಸಿಕ್ಕಿದ್ದು ನನ್ನ ಪುಣ್ಯ’ ಅಂತ ಒಂದು ನಿಮಗೆ ಹೇಳುತ್ತಿತ್ತು, ಇನ್ನೊಂದು ನಿಮ್ಮ ತಂಗಿಗೆ. ನೀವಿಬ್ಬರೂ ಮನೆಯಲ್ಲಿರಲಿಲ್ಲ, ಅಷ್ಟೇ.

ಆಫ್ ಮಾಡಿ, ಪಾಪ ಬರುವುದಿಲ್ಲ. ಆದರೆ ಮೊದಲು ಆ್ಯಪ್‌ನಲ್ಲಿ ಹಳೆಯ ಮಾತು ನೆನಪಿಡುವ ಸೌಲಭ್ಯ ಇದೆಯಾ ನೋಡಿ. ಇದ್ದರೆ ಆ ದಿನದ್ದನ್ನು ಅಳಿಸಿಬಿಡಿ. ಅಳಿಸದೆ ಬಿಟ್ಟು, ನಾಳೆ ಅದು ‘ಅವತ್ತು ಎಷ್ಟು ಚೆನ್ನಾಗಿ ಹೇಳಿದೆ ನೀನು’ ಅಂತ ಶುರು ಮಾಡಿದರೆ, ನೀವು ಆಡದ ಮಾತಿಗೆ ನೀವೇ ಥ್ಯಾಂಕ್ಸ್ ಹೇಳಬೇಕಾದೀತು.